429 ಬಂತಾ? ಲೂಪ್ ಸುತ್ತೋಕ್ಕೆ ಮುಂಚೆ ಇದನ್ನ ಓದಿ

ತಿಂಗಳ 1ನೇ ತಾರೀಖು, ಎಲ್ಲಾ ಗ್ರಾಹಕರ ಸಬ್‌ಸ್ಕ್ರಿಪ್ಷನ್ ದುಡ್ಡು ಒಟ್ಟಿಗೆ ಎಳೆಯೋ ಜಾಬ್ ಓಡ್ತಿರತ್ತೆ, ಅರ್ಧದಲ್ಲಿ ಪೇಮೆಂಟ್ ಗೇಟ್‌ವೇ 429, ಅಂದ್ರೆ ಲಿಮಿಟ್ ಮೀರಿ ರಿಕ್ವೆಸ್ಟ್ ಕಳಿಸ್ತಿದೀರ, ಅಂತ ವಾಪಸ್ ಕಳಿಸತ್ತೆ, ಕೋಡ್ ಬರೆದೋರು ಒಂದು ಫಾರ್ ಲೂಪ್ ಹಾಕಿ ಹತ್ತು ಸಲ ಹೊಡೀತಾರೆ. ಮೂರು ಟೀಮಲ್ಲಿ ಇದನ್ನ ನೋಡಿದೀನಿ, ಒಂದರಲ್ಲಿ ಬರೆದೋನು ನಾನೇ.

ಮೊದಲು ಡಾಕ್ಯುಮೆಂಟೇಶನ್ ತೆಗೆದು ಲಿಮಿಟ್ ಎಷ್ಟು ಅಂತ ನೋಡಿ. ಟೆಸ್ಟ್ ಮೋಡ್ ಲಿಮಿಟ್ ಬೇರೆ ಇರತ್ತೆ, ಅದರ ಮೇಲೆ ಲೈವ್ ಲೆಕ್ಕ ಹಾಕ್ಬೇಡಿ.

ಎರಡನೇದು, ಎಲ್ಲಾ ರಿಕ್ವೆಸ್ಟನ್ನೂ ಕ್ಯೂಗೆ ಹಾಕಿ ಟೋಕನ್ ಬಕೆಟ್ ಇಡಿ. ದರ್ಶಿನಿಲಿ ಟೋಕನ್ ಇದ್ರೇ ದೋಸೆ, ಹಂಗೇ ಇದು, ಲಿಮಿಟ್‌ಗೆ ತಕ್ಕಷ್ಟೇ ಟೋಕನ್ ಬೀಳತ್ತೆ, ಟೋಕನ್ ಸಿಕ್ಕಿದ್ರೇ ರಿಕ್ವೆಸ್ಟ್ ಹೋಗತ್ತೆ. ಬಕೆಟ್ ಮಾತ್ರ ರೆಡಿಸ್ ಥರ ಎಲ್ಲಾ ಸರ್ವರ್‌ಗೂ ಸಿಗೋ ಡೇಟಾ ಸ್ಟೋರಲ್ಲಿ ಒಂದೇ ಇರ್ಲಿ, ನಾಲ್ಕು ಸರ್ವರ್ ತಲಾ ಒಂದು ಇಟ್ಕೊಂಡ್ರೆ ನಾಲ್ಕು ಪಟ್ಟು ಹೋಗತ್ತೆ.

ಮೂರನೇದು ರಿಟ್ರೈ, ಅಂದ್ರೆ ಮತ್ತೆ ಕಳಿಸೋದು, ಎಲ್ಲರೂ ಎಡವೋದು ಇಲ್ಲೇ. ಉತ್ತರದಲ್ಲಿ ರಿಟ್ರೈ-ಆಫ್ಟರ್ ಹೆಡರ್ ಇದ್ರೆ ಅದು ಹೇಳಿದಷ್ಟು ಹೊತ್ತು ಕಾಯಿರಿ, ಅದರಲ್ಲಿ ಸೆಕೆಂಡೂ ಬರಬಹುದು, ತಾರೀಖು-ಟೈಮೂ ಬರಬಹುದು, ಎರಡನ್ನೂ ಓದೋ ಹಂಗೆ ಬರೀರಿ. ಇಲ್ದಿದ್ರೆ 1, 2, 4, 8 ಸೆಕೆಂಡ್ ಅಂತ ದುಪ್ಪಟ್ಟು ಮಾಡ್ತಾ ಹೋಗಿ. ಆದ್ರೆ ಸರಿಯಾಗಿ 4 ಸೆಕೆಂಡೇ ಕಾದ್ರೆ ಕ್ಯೂಯಿಂದ ರಿಕ್ವೆಸ್ಟ್ ಕಳಿಸೋ ಇನ್ನೂರು ವರ್ಕರ್‌ಗಳೂ ಒಂದೇ ಕ್ಷಣಕ್ಕೆ ಎದ್ದು ಮತ್ತೆ ಬಾಗಿಲು ಬಡೀತವೆ, ಅದಕ್ಕೇ 0ಯಿಂದ 4ರ ಒಳಗೆ ಯಾವ್ದಾದ್ರೂ ರ್‍ಯಾಂಡಮ್ ಹೊತ್ತು ಆರಿಸಿ, ಇದಕ್ಕೆ ಜಿಟರ್ ಅಂತಾರೆ. ಐದು ಸಲಕ್ಕೆ ಸಾಕು, ಆಮೇಲೆ ಅದನ್ನ ಡೇಟಾಬೇಸಿನ ಬೇರೆ ಟೇಬಲ್‌ಗೆ ತಳ್ಳಿ ಪಕ್ಕಕ್ಕಿಡಿ. 400, ಅಂದ್ರೆ ರಿಕ್ವೆಸ್ಟೇ ತಪ್ಪು ಅಂತ ಬಂದ್ರೂ ರಿಟ್ರೈ ಮಾಡೋ ಲೈಬ್ರರಿಗಳಿವೆ, ಅಂಥದ್ದನ್ನ ಪೇಮೆಂಟ್ ಹತ್ರ ಸೇರಿಸ್ಲೇಬೇಡಿ.

ಇನ್ನು ಐಡೆಂಪೊಟೆನ್ಸಿ ಕೀ, ಅಂದ್ರೆ ಅದೇ ರಿಕ್ವೆಸ್ಟ್ ಮತ್ತೆ ಹೋದ್ರೂ ದುಡ್ಡು ಒಂದೇ ಸಲ ಕಟ್ ಆಗ್ಲಿ ಅಂತ ಜೊತೆಗೆ ಕಳಿಸೋ ಗುರುತು. ಇದು ಲೂಪಿನ ಹೊರಗೆ ಹುಟ್ಬೇಕು, ಮೊದಲ ರಿಕ್ವೆಸ್ಟ್ ಹೋಗೋಕ್ಕೆ ಮುಂಚೆನೇ ಆರ್ಡರ್ ಜೊತೆ ಡೇಟಾಬೇಸಲ್ಲಿ ಕೂತಿರ್ಬೇಕು. 429 ಅಂದ್ರೆ ಬಾಗಿಲಲ್ಲೇ ವಾಪಸ್, ದುಡ್ಡು ಮುಟ್ಟಿಲ್ಲ. ಟೈಮ್‌ಔಟ್ ಹಂಗಲ್ಲ, ಕಟ್ ಆಯ್ತೋ ಇಲ್ವೋ ಗೊತ್ತೇ ಆಗಲ್ಲ. ನನ್ನ ಲೂಪ್ ಎರಡಕ್ಕೂ ಒಂದೇ ಥರ, ಪ್ರತಿ ಸಲ ಕೀ ಜಾಗದಲ್ಲಿ ಹೊಸ ಯುಯುಐಡಿ (ಎಲ್ಲೂ ರಿಪೀಟ್ ಆಗದ ಐಡಿ) ಹಾಕಿ ಕಳಿಸ್ತಿತ್ತು, ಒಬ್ಬರಿಗೆ 499 ರೂಪಾಯಿ ಮೂರು ಸಲ ಕಟ್ ಆಗಿ ಅವರು ಮೂರೂ ಎಸ್ಸೆಮ್ಮೆಸ್ಸಿನ ಸ್ಕ್ರೀನ್‌ಶಾಟ್ ಕಳಿಸಿದ್ರು. ಕೀಗೂ ಆಯಸ್ಸಿದೆ, ಸ್ಟ್ರೈಪ್ ಅನ್ನೋ ಗೇಟ್‌ವೇ ಗ್ಯಾರಂಟಿ ಕೊಡೋದು ಕನಿಷ್ಠ 24 ಗಂಟೆಗೆ, ಅದು ದಾಟಿದ್ರೆ ಮೊದಲು ಸ್ಟೇಟಸ್ ಕೇಳಿ ಆಮೇಲೆ ಕೈ ಹಾಕಿ.

ಪೇಮೆಂಟ್ ಆಯ್ತಾ ಆಯ್ತಾ ಅಂತ ಎರಡೆರಡು ಸೆಕೆಂಡಿಗೆ ಕೇಳೋ ಕೋಡ್ ಇದ್ರೆ ಕಿತ್ತಾಕಿ ವೆಬ್‌ಹುಕ್ ಹಾಕಿ, ಆದಾಗ ಗೇಟ್‌ವೇನೇ ನಿಮ್ಮ ಸರ್ವರ್‌ಗೆ ಹೇಳತ್ತೆ. ಲಿಮಿಟ್ ಜಾಸ್ತಿ ಮಾಡಿಕೊಡಿ ಅಂತ ಗೇಟ್‌ವೇಗೆ ಮೇಲ್ ಬರೆಯೋದು ಇದಾದ್ಮೇಲೆ. 1ನೇ ತಾರೀಖಿನ ಜಾಬನ್ನ ಎರಡು ಗಂಟೆಗೆ ಹರಡಿದ್ರೆ ಆ ಮೇಲ್ ಬರೆಯೋದೂ ಬೇಕಾಗಲ್ಲ.