ಬಾಣಂತಿ ಮನೆಯಲ್ಲಿ ಶರಪಂಜರ

ಮೈಸೂರು ಕಡೆಯ ಹಳ್ಳಿಯೊಂದರಲ್ಲಿ ನಾನು ಆಶಾ ಕಾರ್ಯಕರ್ತೆ. ಹೆರಿಗೆ ಆಸ್ಪತ್ರೆಯಲ್ಲೇ ಆದರೂ 42 ದಿನದೊಳಗೆ ಆರು ಸಲ ಬಾಣಂತಿ ಮನೆಗೆ ಹೋಗಬೇಕು. ಮಗುವಿನ ತೂಕ, ಜ್ವರ, ಹೊಕ್ಕಳು ನೋಡುವಾಗ ಯಾರದ್ದೂ ತಕರಾರಿಲ್ಲ. ತಾಯಿಯ ಮನಸ್ಸಿನ ಮಾತು ಎತ್ತಿದರೆ ಸಾಕು, "ಗಾಳಿ ಮೆಟ್ಕಂಡದೆ ಕಣವ್ವ, ಯಂತ್ರ ಕಟ್ಸಿದ್ದೀವಿ" ಅಂತ ಮುಗಿಸಿಬಿಡುತ್ತಾರೆ.

ಅದಕ್ಕೇ ತ್ರಿವೇಣಿಯವರ 'ಶರಪಂಜರ' ಕಾದಂಬರಿಯನ್ನು ಸಂಘದ ಸಭೆಗೆ ತಗೊಂಡು ಹೋದೆ. ಮನಶ್ಶಾಸ್ತ್ರ ಓದಿದ್ದ ಅವರು, ಹೆರಿಗೆಯಾದ ಮೇಲೆ ಬುದ್ಧಿ ಕದಡುವ ಬಾಣಂತಿ ಸನ್ನಿಯನ್ನು ಕಾಯಿಲೆ ಅಂತಲೇ ಬರೆದರು, ದೆವ್ವ ಅಂತಲ್ಲ. 1963ರಲ್ಲಿ ಅವರೇ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಮೂವತ್ತೈದೂ ತುಂಬಿರಲಿಲ್ಲ.

ಮೊದಲ ವಾರ ಮೊದಲ ಪುಟದಿಂದ ಓದಿ ಕೆಟ್ಟೆ. ಇಬ್ಬರು ತೂಕಡಿಸಿದರು. 1971ರ ಸಿನಿಮಾ ನೋಡಿದ್ದವರು ಕಲ್ಪನಾ ಉಡುತ್ತಿದ್ದ ಸೀರೆಯ ಮಾತಿಗೆ ಬಿದ್ದರು.

ಮುಂದಿನ ವಾರ ಕಥಾನಾಯಕಿ ಕಾವೇರಿ ವಾಸಿಯಾಗಿ ಮನೆಗೆ ಬರುವ ಕಡೆಯಿಂದ ಶುರು ಮಾಡಿದೆ. ಕಾಯಿಲೆ ಹೋಗಿದೆ, ಆದರೆ ಗಂಡನಿಗೂ ಸುತ್ತಲಿನವರಿಗೂ ನಂಬಿಕೆ ಇಲ್ಲ. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರ ಕೈ ನಿಂತಿತು. "ನಮ್ಮ ವಾರಗಿತ್ತಿಗೂ ಹಿಂಗೇ ಮಾಡ್ಬುಟ್ವಿ. ಆಸ್ಪತ್ರೆಯಿಂದ ಬಂದ್ಮೇಲೂ ಮಗೀನ ಕೈಗೆ ಕೊಡ್ನಿಲ್ಲ" ಅಂದರು. ಆಮೇಲೆ ಮತ್ತೆ ಸುಲಿಯತೊಡಗಿದರು, ತಲೆ ಎತ್ತಲಿಲ್ಲ.

ಅಂದಿನಿಂದ ಎರಡು ಮೂರು ಪುಟಕ್ಕಿಂತ ಜಾಸ್ತಿ ಓದುವುದಿಲ್ಲ. ಪುಸ್ತಕದ ಮಾತು ಬಿಗಿಯಾದ ಕಡೆ ನಮ್ಮ ಮಾತಲ್ಲೇ ಹೇಳಿಬಿಡುತ್ತೇನೆ. "ನಿಮ್ಮನೇಲಿ ಹೇಗೆ?" ಅಂತ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಬಾಯಿ ಮುಚ್ಚಿಹೋಗುತ್ತೆ.

ಒಂದು ತಪ್ಪನ್ನೂ ಹೇಳಬೇಕು. ಹೆರಿಗೆಯಾದ ಮೇಲೆ ಮಂಕಾಗಿದ್ದ ಹುಡುಗಿಯ ಎದುರೇ ಒಮ್ಮೆ ಕೊನೆಯ ಭಾಗ ಓದಿಬಿಟ್ಟೆ. ಅಲ್ಲಿ ಕಾವೇರಿಗೆ ಕಾಯಿಲೆ ಮರುಕಳಿಸುತ್ತೆ. ಆ ಹುಡುಗಿ ರಾತ್ರಿಯಿಡೀ ಅತ್ತಳಂತೆ. ಎಂಥ ಬುದ್ಧಿ ನನ್ನದು! ಈಗ ಅತ್ತೆಗೆ, ಅಮ್ಮನಿಗೆ, ಸಿಕ್ಕರೆ ಗಂಡನಿಗೆ ಓದುತ್ತೇನೆ. ಬಾಣಂತಿ ಎದುರು ಪುಸ್ತಕ ಚೀಲದಿಂದ ಆಚೆ ಬರುವುದೇ ಇಲ್ಲ. ಅವಳ ಹತ್ತಿರ ಸುಮ್ನೆ ಕೂತು ನಿದ್ದೆ ಹೇಗೆ, ಊಟ ಹೇಗೆ ಅಂತ ಕೇಳುತ್ತೇನೆ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ತಾಯಿ ಕಾರ್ಡಿನ ಹಿಂದೆ ಬರೆದುಕೊಡುತ್ತೇನೆ. ಸನ್ನಿಯ ಲಕ್ಷಣ ಕಂಡರೆ ಮಾತ್ರ ಓದುವುದೂ ಇಲ್ಲ, ಫೋನೂ ಇಲ್ಲ. ಅವತ್ತೇ ಆಸ್ಪತ್ರೆ.

ಕಳೆದ ವರ್ಷ ಆ ಅವರೆಕಾಯಿ ಅಜ್ಜಿ ಬೆಳಿಗ್ಗೆ ಆರಕ್ಕೇ ನಮ್ಮನೆ ಬಾಗಿಲು ಬಡಿದರು. "ಮೊಮ್ಮಗಳು ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ ಕಣವ್ವ. ಏನೇನೋ ಮಾತಾಡ್ತಾವ್ಳೆ. ಡಾಕ್ಟ್ರ ತಾವ ಹೋಗುವ ನಡಿ." ಹೋಗಿ ನೋಡಿದರೆ ಹುಡುಗಿಯ ತೋಳಲ್ಲಿ ಹೊಸ ಯಂತ್ರವೂ ಇತ್ತು. ಅಜ್ಜಿ ನನ್ನ ಮುಖ ನೋಡಿದರು. ಇರಲಿ ಬಿಡಿ ಅಂದೆ. ಮಗುವನ್ನು ಅವರೇ ಎತ್ತಿಕೊಂಡು ಆಟೊ ಹತ್ತಿದರು.