ಪೋಲಾರ್ ಪ್ಲಂಜ್‌ಗೆ ಇಳಿಯುವವರಿಗೆ
ಅಮೆರಿಕದ ಮಿನ್ನೆಸೋಟದಲ್ಲಿ, ಬೌದ್ಧಿಕ ನ್ಯೂನತೆ ಇರುವವರ ಕ್ರೀಡಾ ಸಂಸ್ಥೆಯಾದ ಸ್ಪೆಷಲ್ ಒಲಿಂಪಿಕ್ಸ್‌ಗೆ ದುಡ್ಡು ಕೂಡಿಸಲು, ಚಳಿಗಾಲದಲ್ಲಿ ಕೊರೆಯುವ ನೀರಿಗೆ ಇಳಿಯುವ ಪೋಲಾರ್ ಪ್ಲಂಜ್‌ಗೆ ಹೆಸರು ಕೊಟ್ಟಿದ್ದೀರಾ? ತುಂಬಾ ಖುಷಿ. ಕೆರೆಯ ಮಂಜುಗಡ್ಡೆ ಕತ್ತರಿಸಿದ ಜಾಗ ಅದು, ನೀರು ಹೆಚ್ಚುಕಮ್ಮಿ 0 ಡಿಗ್ರಿ. ಇಳಿದ ಕೂಡಲೇ ನಮಗೆ ಗೊತ್ತಿಲ್ಲದೆಯೇ ಜೋರಾಗಿ ಉಸಿರು ಎಳೆದುಕೊಂಡುಬಿಡುತ್ತೇವೆ, ಆಗ ಮುಖ ನೀರೊಳಗಿದ್ದರೆ ನೀರೇ ಶ್ವಾಸಕೋಶಕ್ಕೆ ಹೋಗಬಹುದು, ಅದಕ್ಕೇ ತಲೆ ಮುಳುಗಿಸಬೇಡಿ, ಡೈವ್ ಅಂತೂ ಬೇಡವೇ ಬೇಡ. ಹಳೇ ಶೂ ಹಾಕಿಕೊಂಡೇ ಇಳಿಯಿರಿ. ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಅವರು ಬೇಡ ಅಂದರೆ ದೇಣಿಗೆ ಕೊಟ್ಟು ದಡದಲ್ಲಿ ಟವೆಲ್ ಹಿಡಿದು ನಿಲ್ಲಿ, ಅದೂ ದೊಡ್ಡ ಸಹಾಯ ಅಲ್ವಾ.

ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಮೈಯ ಒಳಗಿನ ಬಿಸಿ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಒದ್ದೆ ಬಟ್ಟೆ ತಕ್ಷಣ ತೆಗೆದು, ಒರೆಸಿಕೊಂಡು, ಟೋಪಿ, ಸ್ವೆಟರ್ ಹಾಕಿಕೊಳ್ಳಿ. ಬೆರಳು ಮರಗಟ್ಟಿರುತ್ತವೆ, ಗುಂಡಿಯಿಲ್ಲದ ಬಟ್ಟೆಯನ್ನೇ ತನ್ನಿ. ಬಿಸಿನೀರಿನ ಸ್ನಾನ ಆಮೇಲೆ ಮಾಡಿದರಾಯಿತು.