ಜಗಲಿಯ ನೆರಳಿಗೆ ಯಾವ ಬಣ್ಣ? ಬೆಳಕನ್ನು ನೋಡಿ ಗುರುತು ಹಾಕಿಕೊಳ್ಳುವ ನನ್ನ ಕ್ರಮ

ಸುಣ್ಣ ಬಳಿದ ಗೋಡೆ ಬೆಳಿಗ್ಗೆ ಏಳಕ್ಕೂ ಬಿಳಿ, ಮಧ್ಯಾಹ್ನಕ್ಕೂ ಬಿಳಿ, ಸಂಜೆ ದೀಪ ಹಚ್ಚಿದ ಮೇಲೂ ಬಿಳಿ. ಮನಸ್ಸು ಹೇಳುವುದು ಹಾಗೆ. ಗೋಡೆಯಿಂದ ಕಣ್ಣಿಗೆ ಬರುವ ಬೆಳಕು ಮಾತ್ರ ಮೂರೂ ಹೊತ್ತು ಬೇರೆ ಬೇರೆ: ಬೆಳಿಗ್ಗೆ ಕೆನೆ, ಮಧ್ಯಾಹ್ನದ ನೆರಳಲ್ಲಿ ತಿಳಿನೀಲಿ, ರಾತ್ರಿ ಕಿತ್ತಳೆ. ಮಿದುಳು ಈ ವ್ಯತ್ಯಾಸವನ್ನು ತಾನೇ ತಿದ್ದಿಬಿಡುತ್ತದೆ. ತಿದ್ದದಿದ್ದರೆ ಹಣ್ಣು ಯಾವುದು ಕಾಯಿ ಯಾವುದು ಎಂದು ಹೊತ್ತು ಹೊತ್ತಿಗೂ ಗೊಂದಲವಾಗುತ್ತಿತ್ತು. ಆದರೆ ಒಂದು ಜಾಗಕ್ಕೆ ಕಾಲಿಟ್ಟಾಗ ಆಗುವ ನೆಮ್ಮದಿಯೋ ಕಸಿವಿಸಿಯೋ ಬಿಕೋ ಎನ್ನಿಸುವುದೋ ಬಹುಪಾಲು ಹುಟ್ಟುವುದು ಹೀಗೆ ತಿದ್ದಿ ಮರೆತ ವ್ಯತ್ಯಾಸದಿಂದಲೇ. ಜಲವರ್ಣದಲ್ಲಿ ಮನೆ, ಬೀದಿ, ಸಂತೆಗಳ ಚಿತ್ರ ಬರೆಯುವಾಗ ನಾನು ಮೊದಲು ಹುಡುಕುವುದು ವಸ್ತುವಿನ ಬಣ್ಣವನ್ನಲ್ಲ. ಬೆಳಕಿನ ಬಣ್ಣಕ್ಕೂ ನೆರಳಿನ ಬಣ್ಣಕ್ಕೂ ಇರುವ ಅಂತರವನ್ನು.

ಇದಕ್ಕೆ ಬೇಕಾದ ಸಾಮಾನು ಕಡಿಮೆ. ಪೋಸ್ಟ್‌ಕಾರ್ಡ್ ಅಳತೆಯ ಬೂದುಬಣ್ಣದ ರಟ್ಟು, ಅದರಲ್ಲಿ ಪಂಚಿಂಗ್ ಮೆಶಿನ್ನಿನಿಂದ ಮಾಡಿದ 6 ಮಿ.ಮೀ. ತೂತು ಎರಡು, ನಡುವೆ ಮೂರು ಬೆರಳು ಅಂತರ. 300 ಜಿಎಸ್‌ಎಂನ ಎ5 ಅಳತೆಯ ದಪ್ಪ ಕಾಗದ. ಆರು ಬಣ್ಣ ಸಾಕು: ಅಲ್ಟ್ರಾಮರೀನ್ (ಗಾಢ ನೀಲಿ), ಥ್ಯಾಲೋ ಬ್ಲೂ, ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಲೆಮನ್ ಯೆಲ್ಲೋ, ಅಲಿಜರಿನ್ ಕ್ರಿಮ್ಸನ್ (ಗಾಢ ಕೆಂಪು). ಒಂದು ಪೆನ್ಸಿಲ್. ಜೊತೆಗೆ ಪ್ರೊ ಮೋಡ್ (ಹೊಂದಾಣಿಕೆಯನ್ನು ಕೈಯಿಂದಲೇ ಮಾಡುವ ಸೌಲಭ್ಯ) ಇರುವ ಫೋನ್ ಕ್ಯಾಮೆರಾ, ಅದರ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣ ತಿದ್ದುವ ಹೊಂದಾಣಿಕೆ, 5500 ಕೆಲ್ವಿನ್‌ಗೆ ಕಟ್ಟಿಹಾಕಿರಬೇಕು. ಆಟೋದಲ್ಲಿ ಬಿಟ್ಟರೆ ಫೋನೂ ಮಿದುಳಿನಂತೆಯೇ ತಿದ್ದುತ್ತದೆ, ತೆಗೆದ ಫೋಟೋ ಈ ಕೆಲಸಕ್ಕೆ ಬಾರದು. ಕೆಲ್ವಿನ್ ಸಂಖ್ಯೆ ಏರಿದಷ್ಟೂ ಬೆಳಕು ನೀಲಿಯ ಕಡೆಗೆ ಹೋಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಆಯಿತು: ಎಣ್ಣೆದೀಪ ಸುಮಾರು 1900, ಹಳೇ ತಂತಿ ಬಲ್ಬು 2700, ಮಧ್ಯಾಹ್ನದ ಬಿಸಿಲು 5500, ಮೋಡದ ಹಗಲು 6500, ಬರೀ ನೀಲಿ ಆಕಾಶ ಬೆಳಗುವ ನೆರಳು 8000ಕ್ಕೂ ಮೇಲೆ.

ರಟ್ಟು ಬೂದುಬಣ್ಣದ್ದೇ ಆಗಿರಬೇಕು. ಬಿಳಿ ರಟ್ಟಿನ ತೂತಿನಲ್ಲಿ ಎಲ್ಲವೂ ಕಪ್ಪಡರಿದಂತೆ ಕಾಣುತ್ತದೆ, ಕರಿ ರಟ್ಟಿನಲ್ಲಿ ಎಲ್ಲವೂ ಹೊಳೆಯುತ್ತದೆ. ಪಕ್ಕದ ಬಣ್ಣ ನಮ್ಮ ಅಂದಾಜನ್ನು ಎಷ್ಟು ಕೆಡಿಸುತ್ತದೆ ಎಂಬುದನ್ನು ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲೇ ವಿವರವಾಗಿ ಬರೆದಿದ್ದಾರೆ. ಕಪ್ಪು ನೂಲಿಗೆ ಕಳೆಯಿಲ್ಲ ಎಂದು ಅಲ್ಲಿ ದೂರು ಬರುತ್ತಿತ್ತು. ನೋಡಿದರೆ ಬಣ್ಣ ಸರಿಯಾಗಿಯೇ ಇತ್ತು, ಪಕ್ಕದಲ್ಲಿ ನೇಯ್ದ ನೀಲಿ ಮತ್ತು ನೇರಳೆ ನೂಲು ಅದನ್ನು ಮಂಕಾಗಿಸುತ್ತಿತ್ತು. ರಟ್ಟಿನ ತೂತು ಮಾಡುವ ಕೆಲಸವೆಂದರೆ ಈ ಪಕ್ಕದವರನ್ನು ದೂರ ಇಡುವುದು. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ರಟ್ಟಿನ ಮುಖ ನೆರಳಲ್ಲಿರುವಂತೆ ಹಿಡಿಯಬೇಕು. ಒಂದು ತೂತಿಗೆ ಬಿಸಿಲು ಬಿದ್ದ ಗೋಡೆ, ಇನ್ನೊಂದಕ್ಕೆ ಅದೇ ಗೋಡೆಯ ನೆರಳು. ಆಗ ಕಾಣುವುದು ಗೋಡೆಯಲ್ಲ, ಎರಡು ಚುಕ್ಕೆ ಬಣ್ಣ. ನೆರಳು ನೀಲಿ ಎಂದು ಎಷ್ಟು ಹೇಳಿದರೂ ಒಪ್ಪದವರು ತೂತಿನಲ್ಲಿ ನೋಡಿದ ಕೂಡಲೇ ಒಪ್ಪುತ್ತಾರೆ.

ಅದಕ್ಕೂ ಮೊದಲು ಮಾಡುವ ಕೆಲಸ ಒಂದಿದೆ, ಅದನ್ನು ಬಿಡಬಾರದು. ಜಾಗಕ್ಕೆ ಬಂದ ಅರ್ಧ ನಿಮಿಷದೊಳಗೆ ಅಲ್ಲಿ ಏನೆನಿಸಿತೋ ಅದನ್ನು ಒಂದೆರಡು ಪದದಲ್ಲಿ ಬರೆದಿಡುವುದು: ಮಂಕು, ಲವಲವಿಕೆ, ಗಂಭೀರ, ಅವಸರ, ತಂಪು. ಬಣ್ಣ ಅಳೆದ ಮೇಲೆ ಬರೆದರೆ ಅಳತೆಗೆ ತಕ್ಕ ಭಾವವನ್ನು ನಾವೇ ಹೊಂದಿಸಿಕೊಳ್ಳುತ್ತೇವೆ. ಅರ್ಧ ನಿಮಿಷ ಎನ್ನುವುದಕ್ಕೆ ಇನ್ನೊಂದು ಕಾರಣ, ಕಣ್ಣು ಬೆಳಕಿನ ಬಣ್ಣಕ್ಕೆ ಒಂದೆರಡು ನಿಮಿಷದಲ್ಲೇ ಬಹುಪಾಲು ಹೊಂದಿಕೊಂಡುಬಿಡುತ್ತದೆ. ಕತ್ತಲಿಗೆ ಹೊಂದಿಕೊಳ್ಳುವುದು ಮಾತ್ರ ನಿಧಾನ, ಪೂರ್ತಿಯಾಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಹಾಗಾಗಿ ದೇವಸ್ಥಾನದ ನವರಂಗದಂಥ ಕತ್ತಲೆಯ ಜಾಗದಲ್ಲಿ ಬಣ್ಣದ ಗುರುತು ಕೂಡಲೇ, ಕಂಬದ ನೆರಳಿನ ವಿವರ ಕಾಲು ಗಂಟೆ ಕೂತ ಮೇಲೆ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಒಂದು ಕೆಡುವುದು ಖಚಿತ.

ಅಭ್ಯಾಸಕ್ಕೆ ಹಳೇ ಮನೆಯ ಜಗಲಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ರೆಡ್ ಆಕ್ಸೈಡ್ ನೆಲ, ಸುಣ್ಣದ ಗೋಡೆ, ಮುಂದೆ ತೆರೆದ ಅಂಗಳ. ಪೂರ್ವಕ್ಕೆ ಮುಖವಿದ್ದರೆ ಬೆಳಿಗ್ಗೆ ಹತ್ತರ ಸುಮಾರಿಗೆ ಬಿಸಿಲು ನೆಲದ ಅಂಚಿನ ಮೇಲಿರುತ್ತದೆ, ಗೋಡೆ ಪೂರ್ತಿ ನೆರಳಲ್ಲಿರುತ್ತದೆ. ಆ ನೆರಳಿನ ಗೋಡೆಯಲ್ಲಿ ಮೂರು ಎತ್ತರದಲ್ಲಿ ಬಣ್ಣ ತೆಗೆಯಬೇಕು. ನಡುವಿನ ಭಾಗ ಆಕಾಶವನ್ನು ನೋಡುತ್ತಿರುತ್ತದೆ, ಆದ್ದರಿಂದ ತಿಳಿನೀಲಿ: ಅಲ್ಟ್ರಾಮರೀನ್ ಮೂರು ಪಾಲು, ಬರ್ನ್ಟ್ ಸಿಯೆನ್ನಾ ಒಂದು ಪಾಲು, ಧಾರಾಳ ನೀರು. ನೆಲದಿಂದ ಒಂದು ಗೇಣು ಮೇಲಿನ ಪಟ್ಟಿಗೆ ಕೆಂಪು ನೆಲದ ಬೆಳಕು ಪುಟಿದು ಬರುತ್ತದೆ: ಓಕರ್‌ಗೆ ಅಲಿಜರಿನ್ ಮುಟ್ಟಿಸಿದಷ್ಟು. ಮೇಲೆ ಸೂರಿನ ಒಳಮೈಗೆ ಅಂಗಳದ ಮಣ್ಣಿನ ಬೆಳಕು ಏರಿ ಬರುತ್ತದೆ, ಅದು ಓಕರ್ ಮತ್ತು ಸಿಯೆನ್ನಾ. ಒಂದೇ ಬಿಳಿ ಗೋಡೆಯಲ್ಲಿ ಕೆಳಗೆ ಬೆಚ್ಚಗೆ, ನಡುವೆ ತಂಪು, ಮೇಲೆ ಮತ್ತೆ ಬೆಚ್ಚಗೆ. ಜಗಲಿಯಲ್ಲಿ ಕೂತವರ ಗಲ್ಲ ಮತ್ತು ಹುಬ್ಬಿನ ಕೆಳಗೆ ಬೀಳುವುದೂ ಈ ಕೆಂಪು ನೆಲದ ಬೆಳಕೇ. ಅಲ್ಲಿ ಕೂತವರ ಮುಖ ಕಳೆಕಳೆಯಾಗಿ ಕಾಣುವುದಕ್ಕೆ ನಾನು ಕೊಡುವ ಕಾರಣ ಅದು.

ಇದನ್ನು ಪರೀಕ್ಷಿಸುವುದು ಸುಲಭ. ಬಿಸಿಲು ಬಿದ್ದ ನೆಲದ ಭಾಗಕ್ಕೆ ಒಂದು ಬಿಳಿ ಪಂಚೆ ಹಾಸಿ. ಗೋಡೆಯ ಬುಡದ ಕೆಂಪು ಕೂಡಲೇ ಹೋಗುತ್ತದೆ, ಒಟ್ಟು ಬೆಳಕು ಜಾಸ್ತಿಯಾಗುತ್ತದೆ, ಮುಖಗಳು ಬಿಳಿಚಿಕೊಳ್ಳುತ್ತವೆ. ಪಂಚೆ ತೆಗೆಯಿರಿ, ಹಳೇ ಜಗಲಿ ವಾಪಸ್ಸು. ರೆಡ್ ಆಕ್ಸೈಡ್ ಕಿತ್ತು ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿದ ಮೇಲೆ ಮನೆ ಬೆಳ್ಳಗಾಯಿತು, ಆದರೆ ಮೊದಲಿನ ಹಾಗಿಲ್ಲ ಎಂದು ಹಲವರು ಹೇಳುತ್ತಾರಲ್ಲ, ಅದಕ್ಕೆ ಹಳೆಯದರ ಮೇಲಿನ ಮಮತೆ ಒಂದೇ ಕಾರಣವಲ್ಲ. ಗೋಡೆಗೂ ಮುಖಕ್ಕೂ ಬೀಳುವ ಬೆಳಕೇ ಬದಲಾಗಿರುತ್ತದೆ.

ಸಂತೆಯಲ್ಲಿ ಟಾರ್ಪಾಲ್ ಇದೇ ಕೆಲಸವನ್ನು ಇನ್ನೂ ಜೋರಾಗಿ ಮಾಡುತ್ತದೆ. ನೀಲಿ ಟಾರ್ಪಾಲಿನಡಿ ಟೊಮೆಟೊ ಕಂದಾಗುತ್ತದೆ, ಚೆಂಡುಹೂವಿನ ಕಿತ್ತಳೆ ಸಾಯುತ್ತದೆ, ಬದನೆಕಾಯಿ ಮಾತ್ರ ಚೆನ್ನಾಗಿ ಕಾಣುತ್ತದೆ, ಮಾರುವವರ ಮುಖ ಬೂದಿ ಬಳಿದಂತಿರುತ್ತದೆ. ಕೆಂಪು, ಕಿತ್ತಳೆ ಕೊಡೆಯ ಕೆಳಗೆ ಟೊಮೆಟೊ, ಕ್ಯಾರೆಟ್ ಆಗತಾನೆ ಕಿತ್ತು ತಂದಂತಿರುತ್ತವೆ, ಕೊತ್ತಂಬರಿ ಸೊಪ್ಪು ಒಂದು ದಿನ ಹಳತಾದಂತೆ ಕಾಣುತ್ತದೆ. ಗಮನಿಸಬೇಕಾದ ಜಾಗ ಟಾರ್ಪಾಲಿನ ಅಂಚು. ರಾಶಿಯ ಅರ್ಧ ಒಳಗೆ, ಅರ್ಧ ಬಿಸಿಲಲ್ಲಿ ಇರುವಲ್ಲಿ ಒಂದೇ ತರಕಾರಿಯ ಎರಡು ಬಣ್ಣ ಒಟ್ಟಿಗೆ ಸಿಗುತ್ತವೆ, ತಿದ್ದಲು ಮಿದುಳಿಗೆ ಅವಕಾಶವೇ ಇರುವುದಿಲ್ಲ.

ಇಲ್ಲಿ ಬಹಳ ಮಂದಿಯ ಚಿತ್ರ ಕೆಡುವುದು ಕಾಗದದಿಂದ. ಟಾರ್ಪಾಲಿನ ಕೆಳಗೇ ಕೂತು ಬಣ್ಣ ಹಾಕಿದರೆ ಕಾಗದವೂ ನೀಲಿಯಾಗಿರುತ್ತದೆ. ಅಲ್ಲಿ ಸರಿಹೊಂದಿದ ಬಣ್ಣದಲ್ಲಿ ನೀಲಿಯೇ ಇರುವುದಿಲ್ಲ, ಮನೆಗೆ ಬಂದು ನೋಡಿದರೆ ಮಾಮೂಲಿ ಹಗಲಿನ ಚಿತ್ರವಾಗಿರುತ್ತದೆ. ಆದ್ದರಿಂದ ಹೊರಗೆ, ಮರದಡಿ ಬೇಡ (ಎಲೆಯ ಹಸಿರು ಸೇರುತ್ತದೆ), ಯಾವುದಾದರೂ ಕಟ್ಟಡದ ನೆರಳಲ್ಲಿ ನಿಂತು ಒಳಗಿನದನ್ನು ನೋಡುತ್ತಾ ಬಣ್ಣ ಹಾಕಬೇಕು. ಹಳದಿ ಬಲ್ಬಿನ ಕೆಳಗೆ ಇನ್ನೊಂದು ತೊಂದರೆ: ಕಾಗದದ ಮೇಲೆ ಹಚ್ಚಿದ ಹಳದಿ ಕಾಣುವುದೇ ಇಲ್ಲ, ಕಾಣಲೆಂದು ಹಚ್ಚುತ್ತಾ ಹೋದರೆ ಬೆಳಿಗ್ಗೆ ಚಿತ್ರವೆಲ್ಲ ಅರಿಶಿನ. ಜಲವರ್ಣ ಒಣಗಿದಾಗ ತೆಳುವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಸಿಯಲ್ಲಿ ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಗಾಢವಾಗಿಯೇ ಇರಲಿ.

ಬಣ್ಣದಷ್ಟೇ ಕೆಲಸ ಮಾಡುವುದು ಬೆಳಕು–ಕತ್ತಲಿನ ಅಂತರ. ಅಳೆಯಲು ಫೋನಿನ ಬೆಳಕಿನ ಸಂವೇದನೆ, ಅಂದರೆ ಐಎಸ್‌ಒ 100ಕ್ಕೆ ನಿಲ್ಲಿಸಿ, ಬೆಳಕಿನ ಜಾಗ ಸರಿಯಾಗಿ ಮೂಡುವ ಶಟರ್ ವೇಗ ನೋಡಿ, ಆಮೇಲೆ ನೆರಳಿನ ಜಾಗದ್ದು. 1/1000 ಮತ್ತು 1/60 ಬಂದರೆ ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು), ಅಂದರೆ ಹದಿನಾರು ಪಟ್ಟು. ನನ್ನ ಕಣ್ಣಿಗೆ ಎರಡು ಸ್ಟಾಪ್ ಒಳಗಿದ್ದರೆ ದೃಶ್ಯ ಮೆತ್ತಗೆ, ಮೋಡದ ದಿನದ ಮಲೆನಾಡಿನ ಹಾಗೆ. ಮೂರು–ನಾಲ್ಕು ಇದ್ದರೆ ಲವಲವಿಕೆ. ನಡುಮನೆಯ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲುಕೋಲಿಗೂ ಕೋಣೆಯ ಮೂಲೆಗೂ ಆರಕ್ಕಿಂತ ಹೆಚ್ಚು ಇರುವುದುಂಟು, ಅಲ್ಲಿ ದನಿ ತಾನಾಗಿಯೇ ತಗ್ಗುತ್ತದೆ. ಕೆಂಪು ಎಂದರೆ ಸಿಟ್ಟು, ನೀಲಿ ಎಂದರೆ ಶಾಂತಿ ಎನ್ನುವ ಪಟ್ಟಿಗಳು ನನಗೆ ಯಾವತ್ತೂ ಉಪಯೋಗಕ್ಕೆ ಬಂದಿಲ್ಲ. ಹಣೆಯ ಕುಂಕುಮವೂ ಮಳೆಯ ರಸ್ತೆಯಲ್ಲಿ ಸಾಲುಗಟ್ಟಿದ ಬ್ರೇಕ್ ಲೈಟೂ ಕೆಂಪೇ. ಎಷ್ಟು ಗಾಢ, ಎಷ್ಟು ಜಾಗ, ಸುತ್ತ ಎಷ್ಟು ಕತ್ತಲು, ಭಾವ ನಿಲ್ಲುವುದು ಇವುಗಳ ಮೇಲೆ.

ಬೆಳಕು ಬಿರುಸೋ ಮೆತ್ತಗೋ ಎಂದು ತಿಳಿಯಲು ಪೆನ್ಸಿಲ್ ಸಾಕು. ಬಿಸಿಲಲ್ಲಿ ಕಾಗದದಿಂದ 10 ಸೆಂ.ಮೀ. ಮೇಲೆ ಹಿಡಿದರೆ ನೆರಳಿನ ಅಂಚು ಮಸುಕಾಗುವುದು ಸುಮಾರು ಒಂದು ಮಿ.ಮೀ. ಮಾತ್ರ, ಸೂರ್ಯನ ಬಿಂಬ ಅರ್ಧ ಡಿಗ್ರಿಯಷ್ಟೇ ಅಗಲ ಇರುವುದರಿಂದ. ಟ್ಯೂಬ್‌ಲೈಟ್ ಕೆಳಗೆ ಪೆನ್ಸಿಲನ್ನು ಟ್ಯೂಬಿನ ಉದ್ದಕ್ಕೇ ಹಿಡಿದರೆ ಗೆರೆ ಕೊರೆದಂತೆ ನೆರಳು, ಅಡ್ಡ ತಿರುಗಿಸಿದರೆ ನೆರಳು ಕರಗಿಹೋಗುತ್ತದೆ. ಮೂಗಿನ ನೆರಳು ಒಂದು ಕಡೆ ಕೂತವರಿಗೆ ಬಿರುಸು, ಇನ್ನೊಂದು ಕಡೆಯವರಿಗೆ ಮೆತ್ತಗೆ ಇರುವುದೂ ಇದರಿಂದಲೇ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ 18ರ ಆಸುಪಾಸಿನ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ. ಆಗ ಕಣ್ಣುಗುಳಿಗಳು ಕಪ್ಪಾಗಿ ಎಲ್ಲರೂ ದಣಿದವರಂತೆ ಕಾಣುತ್ತಾರೆ. ಆ ಹೊತ್ತು ಮುಖದ ಚಿತ್ರಕ್ಕೆ ಆಗದು, ಆದರೆ ಸೂರಿನ ಒಳಮೈಗೆ ಪುಟಿಯುವ ಬೆಳಕು ನೋಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಮುಸ್ಸಂಜೆಗೆ ಮೊದಲೇ ಸಿದ್ಧವಾಗಿರಬೇಕು. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಕೆಲಸಕ್ಕೆ ಸಿಗುವ ಬೆಳಕು ಇಪ್ಪತ್ತು ನಿಮಿಷದ ಆಸುಪಾಸು. ಪ್ಯಾಲೆಟ್‌ನಲ್ಲಿ ನೀಲಿ, ಕಿತ್ತಳೆ ಎರಡನ್ನೂ ಮೊದಲೇ ಕಲಸಿಟ್ಟಿರುತ್ತೇನೆ. ಈ ಹೊತ್ತಿನಲ್ಲಿ ದಾಸವಾಳದ ಗಿಡ ನೋಡಬೇಕು. ಹಗಲು ಎಲೆಗಿಂತ ಬೆಳಗುತ್ತಿದ್ದ ಕೆಂಪು ಹೂ ಎಲೆಗಿಂತ ಮೊದಲು ಕಪ್ಪಾಗುತ್ತದೆ. ಹಗಲು ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೋಮೀಟರ್‌ನ ಹಳದಿ–ಹಸಿರಿಗೆ, ಮಬ್ಬಿನಲ್ಲಿ ಅದು 507ಕ್ಕೆ, ನೀಲಿ–ಹಸಿರಿನ ಕಡೆಗೆ ಸರಿಯುತ್ತದೆ. ಜೆಕ್ ವಿಜ್ಞಾನಿ ಪುರ್ಕಿನ್ಯೆ ಗುರುತಿಸಿದ ಸಂಗತಿ ಇದು. ಕ್ಯಾಮೆರಾಕ್ಕೆ ಇದು ಆಗುವುದಿಲ್ಲ, ಫೋಟೋ ನೋಡಿ ಮುಸ್ಸಂಜೆ ಬರೆದರೆ ಹೂ ಕೆಂಪಾಗಿಯೇ ಉಳಿದು ಸಂಜೆಯೇ ಆಗುವುದಿಲ್ಲ. ಹೂವಿಗೆ ಅಲಿಜರಿನ್ ಜೊತೆ ಅಲ್ಟ್ರಾಮರೀನ್ ಸೇರಿಸಿ ಎಲೆಗಿಂತ ಗಾಢ ಮಾಡಿದರೆ ಹೊತ್ತು ಇಳಿಯುತ್ತದೆ.

ಅದೇ ಹೊತ್ತಿಗೆ ಕಿಟಕಿಯ ಪಕ್ಕ ಬಿಳಿ ಕಾಗದದ ಮೇಲೆ ಪೆನ್ಸಿಲ್ ನಿಲ್ಲಿಸಿ, ಕಿಟಕಿಯ ಎದುರು ಬದಿಗೆ ಎಣ್ಣೆದೀಪ ಇಡಿ. ಎರಡು ನೆರಳು ಬೀಳುತ್ತವೆ. ದೀಪದಿಂದ ಬಿದ್ದ ನೆರಳಿನೊಳಗೆ ಆಕಾಶದ ಬೆಳಕು ತುಂಬಿ ನೀಲಿಯಾಗಿರುತ್ತದೆ, ಕಿಟಕಿಯಿಂದ ಬಿದ್ದದ್ದರಲ್ಲಿ ದೀಪದ ಬೆಳಕು ತುಂಬಿ ಕಿತ್ತಳೆಯಾಗಿರುತ್ತದೆ. ಒಂದೇ ನೆರಳು ಕಂಡರೆ ಒಂದು ಬೆಳಕು ಹೆಚ್ಚಾಗಿದೆ ಎಂದು ಅರ್ಥ. ದೀಪವನ್ನು ಹತ್ತಿರ ತನ್ನಿ ಇಲ್ಲವೇ ದೂರ ಸರಿಸಿ, ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ದೀಪ ಹಚ್ಚುವ ಹೊತ್ತು ನಮಗೆಲ್ಲ ಅಷ್ಟು ಹಿಡಿಸುವುದು ಈ ಎರಡು ಬೆಳಕು ಸಮಸಮವಾಗಿ ನಿಲ್ಲುವ ಕೆಲವೇ ನಿಮಿಷಗಳಿಂದ ಎಂದು ನಾನು ನಂಬಿದ್ದೇನೆ.

ಬೀದಿಯಲ್ಲಿ ಸೋಡಿಯಂ ದೀಪ ಇನ್ನೂ ಉಳಿದಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಸುಮಾರು 2000 ಕೆಲ್ವಿನ್, ನೀಲಿ ಅಂಶ ತೀರಾ ಕಡಿಮೆ, ನೀಲಿ ಸೀರೆ ಅದರಡಿ ಕರಿಬೂದಿ. ಬಿಳಿ ಎಲ್‌ಇಡಿ ಬಂದಲ್ಲಿ ಸೀರೆಯ ಬಣ್ಣ ವಾಪಸ್ಸು ಬಂತು, ಬೀದಿಯನ್ನೆಲ್ಲ ಒಂದೇ ಬಣ್ಣದಲ್ಲಿ ಕಟ್ಟಿಹಾಕುತ್ತಿದ್ದ ಗುಣ ಹೋಯಿತು.

ಮನೆಯೊಳಗೆ ಇದನ್ನೆಲ್ಲ ಬಳಸುವುದಾದರೆ ಬಲ್ಬಿನ ಡಬ್ಬಿಯ ಮೇಲಿನ ಕೆಲ್ವಿನ್ ಸಂಖ್ಯೆಯ ಜೊತೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) ಕೂಡ ನೋಡಿ, 90ರ ಮೇಲಿದ್ದರೆ ಮೈಬಣ್ಣ, ಅಡುಗೆಯ ಬಣ್ಣ ಸರಿಯಾಗಿ ಕಾಣುತ್ತವೆ. ಮಬ್ಬು ಬೆಳಕು ನೀಲಿ ಕಡೆಗಿದ್ದರೆ ಕೋಣೆ ಬಿಕೋ ಎನ್ನುತ್ತದೆ ಎಂದು ಹಾಲೆಂಡಿನ ಭೌತಶಾಸ್ತ್ರಜ್ಞ ಕ್ರೌಟಾಫ್ 1941ರಲ್ಲಿ ಹೇಳಿದ್ದನ್ನು ಆಮೇಲಿನ ಪ್ರಯೋಗಗಳು ಪೂರ್ತಿ ಒಪ್ಪಿಲ್ಲ. ನಾನು ನೋಡಿದ ಮನೆಗಳ ಮಟ್ಟಿಗೆ ಮಾತು ಸರಿಯಿದೆ: ನಡುಮನೆಗೆಲ್ಲ ಒಂದೇ 6500ರ ಟ್ಯೂಬು ಇದ್ದು ಮೂಲೆಗಳು ಮಬ್ಬಾಗಿದ್ದರೆ ಆಸ್ಪತ್ರೆಯ ಮೊಗಸಾಲೆಯ ನೆನಪಾಗುತ್ತದೆ. ಟ್ಯೂಬು ಓದಲು, ತರಕಾರಿ ಹೆಚ್ಚಲು ಇರಲಿ. ಊಟವಾದ ಮೇಲೆ ಅದನ್ನು ಆರಿಸಿ, ಕೂತವರ ಕಣ್ಣಿನ ಮಟ್ಟಕ್ಕಿಂತ ಕೆಳಗೆ 2700ರ 5 ವ್ಯಾಟ್ ಬಲ್ಬನ್ನು ಗೋಡೆಗೆ ಮುಖ ಮಾಡಿ ಉರಿಸಿ. ಎರಡನ್ನೂ ಒಟ್ಟಿಗೆ ಉರಿಸಿದರೆ ಟ್ಯೂಬು ಗೆಲ್ಲುತ್ತದೆ, ಬಲ್ಬಿನ ಸುತ್ತ ಒಂದು ಹಳದಿ ಕಲೆಯಷ್ಟೇ ಉಳಿಯುತ್ತದೆ.